ಜೇಕು, ಕೊನ್ನಾರಿ, ಕಿಲಿಂಗಾ... ಪಂಚಾಯ್ತಿ ದಾಖಲಾತಿಗೆ ಇವನ್ನ ಬೇರೆ ಬೇರೆ ಮಾಡಿ ಗುರುತಿಸೋದು ಹೇಗೆ?

ಬ್ಯಾಣದಂಚು:

ಎಲ್ರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ಕಡೆ ಒಂದು ಹಳ್ಳಿ. ಪಂಚಾಯ್ತಿಯಲ್ಲಿ ಜೀವವೈವಿಧ್ಯ ದಾಖಲಾತಿ, ಪಿಬಿಆರ್ ಅಂತಾರಲ್ಲ ಅದು, ಅದನ್ನ ಮತ್ತೆ ಸರಿಯಾಗಿ ಬರೀಬೇಕು ಅಂತ ಸಮಿತಿಯವರು ಹೊರಟಿದ್ದಾರೆ, ಗಿಡಗಂಟಿ ಭಾಗ ನನ್ನ ತಲೆಗೆ ಕಟ್ಟಿದ್ದಾರೆ, ಕಾರಣ ಇಷ್ಟೇ, ನಾನು ಸದಾ ಫೋನ್ ಹಿಡ್ಕೊಂಡು ಗಿಡದ ಫೋಟೋ ತೆಗೀತಿರ್ತೀನಿ. ಮರಗಳದ್ದು ತೊಂದ್ರೆ ಇಲ್ಲ, ಊರಲ್ಲಿ ಕೆಲವು ಹಿರಿಯರು ತೊಗಟೆ ಕೆರೆದು ಮೂಸಿ ನೋಡೇ ಹೆಸರು ಹೇಳ್ತಾರೆ. ಔಷಧಿ ಗಿಡಗಳೂ ಹೆಚ್ಚುಕಮ್ಮಿ ಆಯ್ತು. ಸಿಕ್ಕಾಕ್ಕೊಂಡಿರೋದು ಹುಲ್ಲಿನ ಹತ್ರ.

ಹಳೇ ದಾಖಲಾತಿ ತೆಗೆದು ನೋಡಿದ್ರೆ ಹುಲ್ಲಿನ ಪಟ್ಟಿಯ ಕೊನೇಲಿ "ಜೇಕು - ಕಳೆ" ಅಂತ ಒಂದೇ ಸಾಲು ಬರ್ದು ಕೈ ತೊಳ್ಕೊಂಡಿದ್ದಾರೆ. ಆದ್ರೆ ಕಣ್ಣಿಗೆ ಕಾಣೋದು ಒಂದಲ್ಲ. ತೋಟದಲ್ಲಿ ಅಡಿಕೆ ಮರದ ಬುಡದ ಸುತ್ತ ಬಿಳಿ ಗುಂಡು ತಲೆಯ ಒಂದು ಗಿಡ ಹಾಸಿದ ಹಾಗೆ ಬೆಳ್ದಿದೆ, ಕೈಯಲ್ಲಿ ಹಿಸುಕಿದ್ರೆ ಒಳ್ಳೆ ಪರಿಮಳ. ಗದ್ದೆಯಲ್ಲಿ ಹಳದಿ ತೆನೆಯದ್ದು ಒಂದು, ಹಸಿರು ಉಂಡೆ ಉಂಡೆಯಾಗಿ ತೆನೆ ಬಿಡೋದು ಇನ್ನೊಂದು, ಬುಡ ಚಪ್ಪಟೆಯಾಗಿ ಬೀಸಣಿಗೆ ಥರ ಹರಡಿರೋದು ಮತ್ತೊಂದು. ಕೆರೆ ಅಂಚಲ್ಲಿ ಎಲೆನೇ ಇಲ್ಲದೆ ಬರೀ ಹಸಿರು ಕಡ್ಡಿ, ತುದಿಯಲ್ಲಿ ಒಂದು ಪುಟ್ಟ ತೆನೆ. ಬ್ಯಾಣದ (ಹುಲ್ಲುಗಾವಲಿನ) ಅಂಚಿನ ಕಾಡಲ್ಲಿ ಮುಟ್ಟಿದ್ರೆ ಕೈ ಕೊಯ್ಯುವಂಥದ್ದು, ಅದರ ಬೀಜ ನೋಡಿದ್ರೆ ಬೆಳ್ಳಗೆ ಹೊಳೀತಿರತ್ತೆ. ಅಮ್ಮ ಸ್ನಾನದ ಪುಡಿಗೆ ಗಡ್ಡೆ ಒಣಗಿಸಿ ಹಾಕ್ತಿದ್ರಲ್ಲ ಕೊನ್ನಾರಿ, ಅದೂ ಇದೇ ಜಾತಿ ಅಂತಾರೆ.

ಫೋನಿನ ಆಪ್‌ಗೆ ಫೋಟೋ ಹಾಕಿದ್ರೆ ಒಂದೇ ಗಿಡಕ್ಕೆ ಬೆಳಿಗ್ಗೆ ಒಂದು ಹೆಸರು, ಸಂಜೆ ಒಂದು ಹೆಸರು. ಬಿಳಿ ತಲೆಯದಕ್ಕೆ ಒಂದು ಕಡೆ ಕಿಲಿಂಗಾ ಅಂತಿದೆ, ಇನ್ನೊಂದು ವೆಬ್‌ಸೈಟಲ್ಲಿ ಸೈಪರಸ್ ಅಂತಿದೆ. ಸಮಿತಿಯಲ್ಲಿ ಒಬ್ರು "ಹುಲ್ಲು ಅಂತ ಬರ್ದು ಬಿಡಿ, ಯಾರು ಬಂದು ನೋಡ್ತಾರೆ" ಅಂದ್ರು, ಆದ್ರೆ ನನಗೆ ಹಾಗೆ ಬಿಡೋಕೆ ಮನಸ್ಸಿಲ್ಲ. ಸಾಮಾನ್ಯ ಜನ, ಮೈಕ್ರೋಸ್ಕೋಪ್ ಇಲ್ಲದೆ, ಇವನ್ನ ಎಲ್ಲಿವರೆಗೆ ಗುರುತಿಸಬಹುದು? ಏನು ನೋಡ್ಬೇಕು, ಏನು ಎತ್ತಿಡ್ಬೇಕು, ಹೆಸರಿನ ಕಾಲಂನಲ್ಲಿ ಯಾವ ಹೆಸರು ಬರೀಬೇಕು? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

---

ಒಣಎಲೆ:

ಒಳ್ಳೆ ಪ್ರಶ್ನೆ. ನಾನು ಹರ್ಬೇರಿಯಂ, ಅಂದ್ರೆ ಒಣಗಿಸಿದ ಗಿಡಗಳ ಸಂಗ್ರಹದ ಕೆಲಸದಲ್ಲಿ ಇರೋಳು, ಈ ಗುಂಪು ಅಂದ್ರೆ ಬಹಳ ಜನ ಮುಖ ತಿರುಗಿಸ್ತಾರೆ, ನೀವು ಕೇಳಿದ್ದೇ ಖುಷಿ.

ಮೊದಲು, ಇದು ಹುಲ್ಲಲ್ಲ. ಹುಲ್ಲು, ಭತ್ತ, ಬಿದಿರು ಒಂದು ಕುಟುಂಬ, ಜೇಕಿನದ್ದು ಬೇರೆ ಕುಟುಂಬ, ಸೈಪರೇಸಿ. ಏಕದಳ ಸಸ್ಯಗಳಲ್ಲಿ ಆರ್ಕಿಡ್ಡು, ಹುಲ್ಲು ಬಿಟ್ರೆ ಮೂರನೇ ದೊಡ್ಡ ಕುಟುಂಬ ಇದೇ, ಪ್ರಪಂಚದಲ್ಲಿ ಸುಮಾರು 5500 ಪ್ರಭೇದ. ಹುಲ್ಲಿಗಿಂತ ಜುಂಕೇಸಿ ಅನ್ನೋ ಇನ್ನೊಂದು ಕುಟುಂಬಕ್ಕೇ ಇದು ಹತ್ತಿರ. ಗುರುತಿಸೋದು ಹೇಗೆ ಅಂದ್ರೆ, ತೆನೆ ಹೊತ್ತಿರೋ ಕಡ್ಡಿಯನ್ನ ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಉರುಳಿಸಿ, ಮೂರು ಏಣು ಸಿಗತ್ತೆ. ಹುಲ್ಲಿನ ಕಡ್ಡಿ ದುಂಡಗೆ, ಗಿಣ್ಣು ಇರತ್ತೆ, ಒಳಗೆ ಸಾಮಾನ್ಯವಾಗಿ ಟೊಳ್ಳು. ಜೇಕಿನ ಕಡ್ಡಿಯಲ್ಲಿ ಗಿಣ್ಣು ಕಾಣಲ್ಲ, ಒಳಗೆ ಬೆಂಡು ತುಂಬಿರತ್ತೆ. ಎಲೆ ಮೂರು ಸಾಲಲ್ಲಿ ಬರತ್ತೆ, ಹುಲ್ಲಲ್ಲಿ ಎರಡು ಸಾಲು. ಎಲೆಯ ಬುಡ ಕಡ್ಡಿಯನ್ನ ಕೊಳವೆ ಥರ ಪೂರ್ತಿ ಸುತ್ತಿ ಮುಚ್ಚಿಕೊಂಡಿರತ್ತೆ, ಹುಲ್ಲಲ್ಲಿ ಸಾಧಾರಣವಾಗಿ ಸೀಳಿರತ್ತೆ. ಇದಕ್ಕೆಲ್ಲ ಅಪವಾದ ಇದೆ, ನಿಮ್ಮ ಕೆರೆ ಅಂಚಿನ ಎಲೆ ಇಲ್ಲದ ಕಡ್ಡಿ ಇದೆಯಲ್ಲ, ಅದು ಎಲಿಯೋಕಾರಿಸ್ ಇರಬೇಕು, ಅದರಲ್ಲಿ ಕೆಲವು ದುಂಡಗೇ ಇರತ್ತೆ. ಅದಕ್ಕೇ ಒಂದೇ ಲಕ್ಷಣ ಹಿಡ್ಕೊಂಡು ತೀರ್ಮಾನ ಮಾಡಬಾರದು.

ನಿಮ್ಮ ವಿವರಣೆ ಮೇಲೆ ನನ್ನ ಊಹೆ, ಬರೀ ಊಹೆ ಅಂತಲೇ ತಗೊಳ್ಳಿ: ಹಳದಿ ತೆನೆಯದ್ದು ಸೈಪರಸ್ ಐರಿಯಾ, ಹಸಿರು ಉಂಡೆಯದ್ದು ಸೈಪರಸ್ ಡಿಫಾರ್ಮಿಸ್, ಬೀಸಣಿಗೆ ಬುಡದ್ದು ಫಿಂಬ್ರಿಸ್ಟೈಲಿಸ್ ಲಿಟ್ಟೋರಾಲಿಸ್ (ಕಳೆ ಬಗ್ಗೆ ಬರೆಯೋರು ಇದನ್ನ ಇವತ್ತಿಗೂ ಮಿಲಿಯೇಸಿಯಾ ಅಂತಲೇ ಕರೀತಾರೆ). ಕೈ ಕೊಯ್ಯೋದು ಸ್ಕ್ಲೀರಿಯಾ, ಅದರಲ್ಲಿ ಯಾವುದು ಅಂತ ಬೀಜ ನೋಡದೆ ನಾನು ಬಾಯಿ ಬಿಡಲ್ಲ. ಬಿಳಿ ಗುಂಡು ತಲೆ, ಪರಿಮಳ, ಅದು ಕಿಲಿಂಗಾ ಗುಂಪು.

ಈಗ ಮುಖ್ಯ ವಿಷಯ. ಎತ್ತರ, ಬಣ್ಣ, ಎಲೆ ಅಗಲ ಇದ್ಯಾವುದೂ ಇಲ್ಲಿ ಕೆಲಸಕ್ಕೆ ಬರಲ್ಲ, ಗೊಬ್ಬರ ಬಿದ್ದ ಕಡೆ ಮೊಣಕಾಲು ಮಟ್ಟ ಬೆಳೆಯೋದು ಕಲ್ಲಿನ ಸಂದಿಯಲ್ಲಿ ಬೆರಳುದ್ದ ಇರತ್ತೆ. ಆಪ್ ತಪ್ಪೋದು ಅಲ್ಲೇ, ಮೇಲಿಂದ ತೆಗೆದ ಫೋಟೋದಲ್ಲಿ ಕಾಣೋದೇ ಅಷ್ಟು. ನೋಡಬೇಕಾದ್ದು ಎರಡು ಕಡೆ, ನೆಲದ ಕೆಳಗೆ ಮತ್ತೆ ತೆನೆಯ ಒಳಗೆ. ಕೆಳಗೆ ಅಂದ್ರೆ ಬರೀ ನಾರು ಬೇರಾ, ಅಡ್ಡ ಹರಿಯೋ ಬೇರುಕಾಂಡ ಇದೆಯಾ, ಗಡ್ಡೆ ಇದೆಯಾ, ಇದ್ರೆ ಸರಪಳಿಯಾ ಅಥವಾ ತುದಿಗೊಂದೇ ಒಂದಾ. ಕಿತ್ತು ನೋಡಬೇಡಿ, ಕಿತ್ರೆ ಗಡ್ಡೆ ಮಣ್ಣಲ್ಲೇ ಉಳಿಯತ್ತೆ, ಅಗೆದು ತೊಳೆದು ನೋಡಿ.

ತೆನೆ ಒಳಗೆ ನೋಡೋಕೆ ಮೈಕ್ರೋಸ್ಕೋಪ್ ಬೇಡ, 10 ಪಟ್ಟು ಹಿಗ್ಗಿಸೋ ಹ್ಯಾಂಡ್ ಲೆನ್ಸ್ ಸಾಕು, ಕೆಳಗೆ ಒಂದು ಕಪ್ಪು ಕಾಗದ, ಕೈಯಲ್ಲಿ ಗುಂಡುಸೂಜಿ. ನಿಮ್ಮ ಬಿಳಿ ತಲೆಯಿಂದಲೇ ಶುರು ಮಾಡಿ. ಅದು ಒಂದು ಹೂವಲ್ಲ, ಹತ್ತಾರು ಚಪ್ಪಟೆ ಕಿರುತೆನೆಗಳ ಗುಂಪು. ಒಂದನ್ನ ಸೂಜಿಯಿಂದ ಎಬ್ಬಿಸಿದ್ರೆ ಇಡೀ ಕಿರುತೆನೆ ಹಾಗೇ ಕಳಚಿ ಬರತ್ತೆ. ದೋಣಿಯಾಕಾರದ ಹೊಟ್ಟು ಇರತ್ತಲ್ಲ, ನಾವು ಗ್ಲೂಮ್ ಅಂತೀವಿ, ಅದನ್ನ ಬಿಡಿಸಿದ್ರೆ ಒಳಗೆ ಸಾಮಾನ್ಯವಾಗಿ ಒಂದೇ ಬೀಜ, ಎರಡೂ ಪಕ್ಕದಿಂದ ಒತ್ತಿದ ಹಾಗೆ ಚಪ್ಪಟೆ. ಬೀಜದ ತುದಿಯಲ್ಲಿ ಕೂದಲೆಳೆಯಂಥ ಸ್ಟಿಗ್ಮಾ (ಪರಾಗ ಹಿಡಿಯೋ ಭಾಗ) ಎಷ್ಟು ಕವಲು ಅಂತ ಎಣಿಸಿ. ಎರಡಿದ್ರೆ, ಬೀಜ ಚಪ್ಪಟೆ ಇದ್ರೆ ಕಿಲಿಂಗಾ ಕಡೆ. ಕೊನ್ನಾರಿ, ಐರಿಯಾ ಇವೆಲ್ಲ ಮೂರು ಕವಲು, ಬೀಜ ಮೂರು ಮೂಲೆ. ಆಮೇಲೆ ಗ್ಲೂಮಿನ ಬೆನ್ನೇಣು ನೋಡಿ, ಅಲ್ಲಿ ರೆಕ್ಕೆ ಥರ ಎದ್ದು ಅದರ ಅಂಚಲ್ಲಿ ಸಣ್ಣ ಸಣ್ಣ ಮುಳ್ಳಿದ್ರೆ ಕಿಲಿಂಗಾ ನೆಮೊರಾಲಿಸ್. ರೆಕ್ಕೆ ಇಲ್ಲ, ತಲೆ ಹಸಿರು ಅಂದ್ರೆ ಬ್ರೆವಿಫೋಲಿಯಾ ಇರಬಹುದು.

ಬೀಜ ಬಲಿತಿರೋದನ್ನೇ ಎತ್ತಿಡಿ, ಎಳೆ ತೆನೆ ತಂದು ಕೊಟ್ರೆ ಯಾವ ಪಂಡಿತರೂ ಹೆಸರು ಹೇಳಲ್ಲ. ಗದ್ದೆಯದ್ದು ಕೊಯ್ಲಿಗೆ ಮುಂಚೆ ಸಿಗತ್ತೆ. ಬೇರು ಸಮೇತ ಪೇಪರ್ ಮಧ್ಯೆ ಇಟ್ಟು ಒತ್ತಿ, ಉದ್ದ ಜಾಸ್ತಿ ಇದ್ರೆ ಕತ್ತರಿಸದೆ ಅಂಕುಡೊಂಕಾಗಿ ಮಡಚಿ. ಮಲೆನಾಡ ಮಳೆಗಾಲದಲ್ಲಿ ಪೇಪರ್ ದಿನಾ ಬದಲಾಯಿಸದಿದ್ರೆ ಬೂಷ್ಟು ಗ್ಯಾರಂಟಿ, ಬಚ್ಚಲ ಒಲೆ ಮೇಲಿನ ಅಟ್ಟ ಇದ್ರೆ ಅಲ್ಲಿಡಿ, ಅದಕ್ಕಿಂತ ಒಳ್ಳೆ ಡ್ರೈಯರ್ ಇಲ್ಲ. ಜೊತೆಗೆ ಚೀಟಿ: ತಾರೀಖು, ಜಾಗ, ಜಿಪಿಎಸ್, ನೀರಲ್ಲಿತ್ತಾ ಬದು ಮೇಲಿತ್ತಾ, ನೆರಳಾ ಬಿಸಿಲಾ, ಊರಿನ ಹೆಸರು ಏನು, ಯಾರು ಹೇಳಿದ್ರು. ಸ್ವಂತ ಜಮೀನಲ್ಲಿ ಎತ್ತೋಕೆ ತೊಂದ್ರೆ ಇಲ್ಲ, ಕಾಡಿಗೆ ಕೈ ಹಾಕೋ ಮುಂಚೆ ಅರಣ್ಯ ಇಲಾಖೆ ಅನುಮತಿ ತಗೊಳ್ಳಿ.

ಒಂದೇ ಗಿಡದ್ದು ಎರಡು ಪ್ರತಿ ಮಾಡಿ ಬೇರೆ ಬೇರೆ ಕಡೆ ಇಡಿ. 1943ರಲ್ಲಿ ಬರ್ಲಿನ್ ಹರ್ಬೇರಿಯಂ ಮೇಲೆ ಬಾಂಬ್ ಬಿದ್ದು ಬಹುಪಾಲು ಸುಟ್ಟುಹೋಯ್ತು. ಎಷ್ಟೋ ಪ್ರಭೇದಗಳಿಗೆ ಮೊದಲು ಹೆಸರಿಡುವಾಗ ಆಧಾರ ಮಾಡ್ಕೊಂಡ ಗಿಡಗಳು ಅಲ್ಲಿದ್ವು, ಬೇರೆ ಊರಿಗೆ ಪ್ರತಿ ಹೋಗಿದ್ದವು ಮಾತ್ರ ಉಳಿದವು.

---

ಎರಿಹೊಲ:

ನಮಸ್ಕಾರ್ರಿ, ಧಾರವಾಡ ಕಡೆಯವ. ನೀವು ಪರಿಮಳ, ಸ್ನಾನದ ಪುಡಿ ಅಂತೀರಿ, ನಮಗ ಜೇಕ ಅಂದ್ರ ನಿದ್ದಿ ಹಾರತೈತಿ ನೋಡ್ರಿ. ಹತ್ತಿ ಹೊಲದಾಗ, ಕಬ್ಬಿನಾಗ, ಉಳ್ಳಾಗಡ್ಡಿ ಮಡಿಯಾಗ ಎಲ್ಲಿ ನೋಡಿದ್ರೂ ಇದ. ಆಳು ಹಚ್ಚಿ ಕಸ ತಗಸ್ತೀವಿ, ಎಂಟು ದಿನ ಆಗೂದ್ರಾಗ ಮತ್ತ ಹಸರ.

ಮ್ಯಾಡಮ್ಮಾರು ಅಗದ ನೋಡ್ರಿ ಅಂದ್ರಲ್ಲ, ಅದು ಬರೋಬ್ಬರಿ ಮಾತು. ನಾ ಒಮ್ಮೆ ಸಲಾಕಿ ತಗೊಂಡು ನಿಧಾನಕ್ಕ ಅಗದ ನೋಡೇನಿ, ಒಂದು ಗಡ್ಡಿಗೆ ಇನ್ನೊಂದು, ಅದಕ್ಕ ಮತ್ತೊಂದು, ಹಿಂಗ ತಂತಿಯಂಥ ಬೇರಿನಾಗ ಸಾಲಾಗಿ ಪೋಣಿಸಿದಂಗ ಇರ್ತಾವ, ಕರ್ರಗ, ಮ್ಯಾಲ ಕೂದಲ. ಮ್ಯಾಲಿನ ಗಡ್ಡಿ ಚಿಗುರಿದ್ರ ಕೆಳಗಿನವು ಸುಮ್ನ ಮಲಗಿರ್ತಾವ. ನಾವು ಕುಂಟಿ ಹೊಡದು ಸರಪಳಿ ಹರದ್ವಿ ಅಂದ್ರ ಮಲಗಿದ್ದವೆಲ್ಲಾ ಒಂದೊಂದು ಗಿಡ ಆಗಿ ಏಳ್ತಾವ. ಕೃಷಿ ವಿಶ್ವವಿದ್ಯಾಲಯದವ್ರು ಒಂದ್ಸಲ ಮೇಳದಾಗ ಇದನ್ನ ಹೇಳಿದ್ರು, ಮ್ಯಾಲಿನ ಮೊಗ್ಗು ಕೆಳಗಿನವನ್ನ ತಡದಿರತೈತಿ ಅಂತ. ಬ್ಯಾಸಿಗಿ ಬಿಸಲಾಗ ಮಾಗಿ ಉಳಿಮಿ ಮಾಡಿ ಗಡ್ಡಿ ಮ್ಯಾಲ ತಂದು ಒಣಗಿಸಿದ್ರ ಒಂದೀಟು ಕಡಿಮಿ ಆಗತೈತಿ, ಹಸಿ ಇದ್ದಾಗ ಹರಗಿದ್ರ ಕೈಯಾರೆ ಬಿತ್ತಿದಂಗ.

ಹಂಗಾಗಿ ನಿಮ್ಮ ದಾಖಲಾತಿಯೊಳಗ ಗಡ್ಡಿ ಇದ್ದ ಜೇಕ, ಗಡ್ಡಿ ಇಲ್ಲದ ಜೇಕ ಅಂತರೇ ಬ್ಯಾರೆ ಬರೀರಿ. ನಮ್ಮ ಮಂದಿ ಎರಡೂ ಒಂದ ಅಂತ ತಿಳದು ಗಡ್ಡಿ ಇಲ್ಲದ್ದಕ್ಕೂ ಅಂಗಡ್ಯಾವ ಕೊಟ್ಟ ದುಬಾರಿ ಕಳೆ ಎಣ್ಣಿ (ಕಳೆನಾಶಕ) ಹೊಡೀತಾರ, ಅದು ಹೂವು ಬಿಡೂಮುಂಚೆ ಒಂದ್ಸಲ ಕಿತ್ತಿದ್ರ ಮುಗದು ಹೋಗ್ತಿತ್ತು. ಒಂದು ಪ್ರಶ್ನಿ ಮ್ಯಾಡಂ, ಈ ಗಡ್ಡಿ ಜೇಕ ಬೀಜದಿಂದ ಹುಟ್ಟೂದು ನಾ ಎಂದೂ ನೋಡಿಲ್ಲ, ಖರೇನ ಬೀಜ ಆಗತೈತೇನು?

---

ಒಣಎಲೆ:

@ಎರಿಹೊಲ ನೀವು ನೋಡಿರೋದು ಸರಿ ಇದೆ. ನಿಮ್ಮ ಗಡ್ಡೆ ಜೇಕು, ನಮ್ಮ ಕೊನ್ನಾರಿ ಎರಡೂ ಒಂದೇ, ಸೈಪರಸ್ ರೋಟಂಡಸ್. ಅದು ಹೂ ಬಿಡತ್ತೆ, ಆದ್ರೆ ಮೊಳೆಯೋ ಬೀಜ ಬಹಳ ಅಪರೂಪ, ಹರಡೋದೆಲ್ಲ ಗಡ್ಡೆಯಿಂದಲೇ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದಕ್ಕೆ ಹೆಸರಿಟ್ಟಿದ್ದು, ಇವತ್ತು ಪ್ರಪಂಚದ ಅತಿ ಕೆಟ್ಟ ಕಳೆಗಳ ಪಟ್ಟಿ ಯಾರೇ ಮಾಡಿದ್ರೂ ಮೇಲ್ಗಡೆ ಇದೇ ಇರತ್ತೆ. ಇದರ ತಮ್ಮ ಒಬ್ಬ ಇದ್ದಾನೆ, ಎಸ್ಕುಲೆಂಟಸ್ ಅಂತ, ತೆನೆ ಹಳದಿ ಕಂದು, ಗಡ್ಡೆ ಸರಪಳಿ ಅಲ್ಲ, ಬೇರಿನ ತುದಿಗೊಂದೊಂದು, ತಿಂದ್ರೆ ಸಿಹಿ. ರೋಟಂಡಸ್ ತೆನೆ ಕೆಂಗಂದು, ಗಡ್ಡೆ ಕಹಿ, ಘಾಟು.

---

ಬ್ಯಾಣದಂಚು:

ಇಬ್ರಿಗೂ ತುಂಬಾ ಥ್ಯಾಂಕ್ಸ್. ಲೆನ್ಸ್ ತರಿಸ್ಕೊಂಡು ಬಿಳಿ ತಲೆ ಬಿಡಿಸಿ ನೋಡ್ದೆ. ಸ್ಟಿಗ್ಮಾ ಎರಡೇ, ಬೀಜ ಚಪ್ಪಟೆ, ಬೆನ್ನೇಣಿನ ಮೇಲೆ ರೆಕ್ಕೆನೂ ಇದೆ, ಮುಳ್ಳೂ ಇದೆ. ಅಂದ್ರೆ ಕಿಲಿಂಗಾ ನೆಮೊರಾಲಿಸ್ ಅಂತ ಬರೀಲಾ? ಆದ್ರೆ ವೆಬ್‌ಸೈಟಲ್ಲಿ ಕಿಲಿಂಗಾ ಅನ್ನೋ ಕುಲನೇ ಈಗ ಇಲ್ಲ, ಎಲ್ಲ ಸೈಪರಸ್ ಒಳಗೆ ಸೇರಿಸಿದ್ದಾರೆ ಅಂತಿದೆ. ಸ್ಟಿಗ್ಮಾ ಲೆಕ್ಕ, ಬೀಜದ ಆಕಾರ ಇಷ್ಟು ಸ್ಪಷ್ಟ ಬೇರೆ ಇದ್ದಮೇಲೆ ಯಾಕೆ ಸೇರಿಸಿದ್ರು?

ಇನ್ನೊಂದು ಗಮನಿಸಿದ್ದು, ಬೆಳಿಗ್ಗೆ ಹೊತ್ತು ಆ ಬಿಳಿ ತಲೆಗಳ ಮೇಲೆ ಮಿಸರಿ ಜೇನು (ಮುಳ್ಳಿಲ್ಲದ ಪುಟ್ಟ ಜೇನು) ಕೂತು ಪರಾಗ ಕೆರೀತಾ ಇರ್ತವೆ. ಜೇಕು ಗಾಳಿಯಿಂದ ಪರಾಗಸ್ಪರ್ಶ ಆಗೋ ಗಿಡ ಅಂತ ಓದಿದ್ದೆ.

---

ಲಾಸ್ಟ್‌ಬೆಂಚ್ ಬಾಟನಿ:

ಎಂಎಸ್ಸಿ ಮಾಡ್ತಿದ್ದೀನಿ, ನಮ್ಮ ಗೋಳು ಕೇಳಿ ಸರ್. ಕ್ಲಾಸಲ್ಲಿ ಕಿಲಿಂಗಾ, ಪೈಕ್ರಿಯಸ್, ಮಾರಿಸ್ಕಸ್, ಲಿಪೋಕಾರ್ಫಾ ಅಂತ ಬೇರೆ ಬೇರೆ ಕುಲ ಬಾಯಿಪಾಠ ಮಾಡಿಸ್ತಾರೆ, ಹಳೇ ಫ್ಲೋರಾದಲ್ಲೂ (ಒಂದು ಪ್ರದೇಶದ ಗಿಡಗಳನ್ನ ವಿವರಿಸೋ ಪುಸ್ತಕ) ಹಾಗೇ ಇದೆ, ಆನ್‌ಲೈನ್ ನೋಡಿದ್ರೆ ಎಲ್ಲ ಸೈಪರಸ್. ಡಿಎನ್‌ಎ ಮಾಡೋರಿಗೆ ಪೇಪರ್ ಬೇಕು, ಅದಕ್ಕೆ ಹೆಸರು ಬದಲಾಯಿಸ್ತಾರೆ ಅಂತ ನನ್ನ ಅನಿಸಿಕೆ. ಫೀಲ್ಡಲ್ಲಿ ನಿಂತು ಕಣ್ಣಲ್ಲಿ ನೋಡಿ ಹೇಳೋಕಾಗೋ ಕುಲ ತೆಗ್ದು, 950 ಪ್ರಭೇದದ ಒಂದು ದೊಡ್ಡ ಸೈಪರಸ್ ಮಾಡಿ ಯಾರಿಗೆ ಉಪಕಾರ ಆಯ್ತು?

---

ಒಣಎಲೆ:

@ಲಾಸ್ಟ್‌ಬೆಂಚ್ ಬಾಟನಿ ಸಿಟ್ಟು ಅರ್ಥ ಆಗತ್ತೆ, ನಮ್ಮ ಹರ್ಬೇರಿಯಂನಲ್ಲೂ ಕಪಾಟುಗಳ ಲೇಬಲ್ ಬದಲಾಯಿಸೋ ಹೊತ್ತಿಗೆ ಸಾಕಾಗಿತ್ತು. ಆದ್ರೆ ಪೇಪರಿಗಾಗಿ ಮಾಡಿದ್ದಲ್ಲ.

ಹಳಬರು ಕುಲ ಮಾಡಿದ್ದು ಕಣ್ಣಿಗೆ ಕಂಡದ್ದರ ಮೇಲೆ. ಕಿಲಿಂಗಾ ಅನ್ನೋ ಹೆಸರು ಕೊಟ್ಟಿದ್ದು ಡೆನ್ಮಾರ್ಕಿನ ರಾಟ್‌ಬೋಲ್, 1773ರಲ್ಲಿ, ಪೀಡರ್ ಕಿಲಿಂಗ್ ಅನ್ನೋ ಅವರದೇ ದೇಶದ ಹಳೇ ಸಸ್ಯಶಾಸ್ತ್ರಜ್ಞನ ನೆನಪಿಗೆ. ಆಗ ತಮಿಳುನಾಡಿನ ತರಂಗಂಬಾಡಿ ಡೇನರ ಕೈಯಲ್ಲಿತ್ತು, ಲಿನೇಯಸ್ ಶಿಷ್ಯ ಕೊಯ್ನಿಗ್ ಅಲ್ಲಿಂದ ಕಳಿಸಿದ ಗಿಡಗಳು ರಾಟ್‌ಬೋಲ್ ಮೇಜಿಗೆ ಹೋಗ್ತಿದ್ವು. ಆಮೇಲೆ ನಮ್ಮ ದೇಶದ ಜೇಕುಗಳನ್ನ ಒಟ್ಟು ಹಾಕಿ ಬರೆದಿದ್ದು ಸಿ.ಬಿ. ಕ್ಲಾರ್ಕ್, ಹೂಕರ್ ತಂದ ಬ್ರಿಟಿಷ್ ಇಂಡಿಯಾ ಫ್ಲೋರಾದ ಆರನೇ ಸಂಪುಟದಲ್ಲಿ. ಬಂಗಾಳದಲ್ಲಿ ಸ್ಕೂಲ್ ಇನ್ಸ್‌ಪೆಕ್ಟರ್ ಆಗಿದ್ದ ಮನುಷ್ಯ ಅವರು. 20ನೇ ಶತಮಾನದಲ್ಲಿ ಇಡೀ ಪ್ರಪಂಚದ ಸೈಪರಸ್ ಮೇಲೆ ಕೂತಿದ್ದು ಜರ್ಮನಿಯ ಕ್ಯೂಕೆಂತಾಲ್, ಅವರು ಪಾದ್ರಿ. ಇವರೆಲ್ಲ ಬರೀ ಲೆನ್ಸ್ ಹಿಡಿದು ಬೀಜ, ಸ್ಟಿಗ್ಮಾ, ಗ್ಲೂಮ್ ಅಳೆದು ಅಷ್ಟು ಮಾಡಿದ್ದಾರೆ ಅಂದ್ರೆ ನನಗೆ ಇವತ್ತಿಗೂ ಆಶ್ಚರ್ಯ.

ಈಗ ಡಿಎನ್‌ಎ ತೋರಿಸಿದ್ದು ಏನು ಅಂದ್ರೆ, ಕಿಲಿಂಗಾ, ಪೈಕ್ರಿಯಸ್, ಲಿಪೋಕಾರ್ಫಾ ಇವು ಸೈಪರಸ್ ಪಕ್ಕದಲ್ಲಿ ನಿಂತಿರೋ ಬೇರೆ ಕವಲುಗಳಲ್ಲ, ಸೈಪರಸ್ ಒಳಗಿಂದಲೇ ಹುಟ್ಟಿರೋವು. ಒಂದೇ ಮನೆಯ ಮೊಮ್ಮಗ ಅಡ್ಡಹೆಸರು ಬದಲಾಯಿಸ್ಕೊಂಡ ಮಾತ್ರಕ್ಕೆ ಬೇರೆ ವಂಶ ಆಗಲ್ವಲ್ಲ. ತೆನೆ ಸಣ್ಣದಾಗಿ ಒಂದೇ ಬೀಜಕ್ಕೆ ಇಳಿಯೋದು, ಮೂರು ಸ್ಟಿಗ್ಮಾ ಎರಡಾಗೋದು, ಇವೆಲ್ಲ ಈ ಕುಟುಂಬದಲ್ಲಿ ಒಂದಕ್ಕಿಂತ ಹೆಚ್ಚು ಸಲ, ಬೇರೆ ಬೇರೆ ಕವಲಲ್ಲಿ ತಮ್ಮಷ್ಟಕ್ಕೆ ಆಗಿವೆ. ಹಾಗಾಗಿ ಲಕ್ಷಣ ಸ್ಪಷ್ಟ ಇದ್ರೂ ಅದು ಕುಲದ ಗಡಿ ಆಗಬೇಕಿಲ್ಲ. ಕಿಲಿಂಗಾನ ಬೇರೆ ಇಡಲೇಬೇಕು ಅಂದ್ರೆ ಉಳಿದ ಸೈಪರಸ್ ಅನ್ನ ಹತ್ತಾರು ಚೂರು ಮಾಡಬೇಕು, ಆ ಚೂರುಗಳನ್ನ ಫೀಲ್ಡಲ್ಲಿ ಯಾರೂ ಗುರುತಿಸೋಕಾಗಲ್ಲ. ಎರಡರಲ್ಲಿ ಕಡಿಮೆ ಕಷ್ಟದ್ದು ಆರಿಸ್ಕೊಂಡ್ರು. ಕ್ಯಾರೆಕ್ಸ್ ಅನ್ನೋ ಇನ್ನೊಂದು ಜೇಕಿನ ಕುಲದಲ್ಲೂ ಹೀಗೇ, 2015ರಲ್ಲಿ ಕೊಬ್ರೀಸಿಯಾ, ಅನ್ಸಿನಿಯಾ ಅನ್ನೋ ಕುಲಗಳೆಲ್ಲ ಅದರೊಳಗೆ ಹೋದ್ವು. 2021ರಲ್ಲಿ ಲಾರಿಡಾನ್ ಮತ್ತು ಸಂಗಡಿಗರು ಇಡೀ ಕುಟುಂಬವನ್ನ 95 ಕುಲಕ್ಕೆ ಜೋಡಿಸಿದ್ರು, ಈಗ ಬಹಳ ಕಡೆ ಅದನ್ನೇ ಅನುಸರಿಸ್ತಾರೆ. ನನ್ನ ಕೇಳಿದ್ರೆ ಫೀಲ್ಡ್ ಪುಸ್ತಕದಲ್ಲಿ ಕಿಲಿಂಗಾ ಅಂತ ಒಂದು ಗುಂಪಿನ ಹೆಸರಾಗಿ ಇಟ್ಕೊಳ್ಳೋದ್ರಲ್ಲಿ ತಪ್ಪೇನಿಲ್ಲ, ನಾನೂ ಹಾಗೇ ಅಂತೀನಿ, ಪಾಠ ಹೇಳೋರು ಮಾತ್ರ ಎರಡನ್ನೂ ಹೇಳಬೇಕು.

ಇದರಿಂದ ಒಂದು ಕಥೆ ಬಿಚ್ಚಿಕೊಂಡಿದ್ದು ನಿಮಗೆ ಇಷ್ಟ ಆಗಬಹುದು. ಕಿಲಿಂಗಾ, ಕೊನ್ನಾರಿ, ಐರಿಯಾ ಇವೆಲ್ಲ ಸೈಪರಸ್‌ನ ಸಿ-4 ಕವಲಿಗೆ ಸೇರಿದವು. ಅಂದ್ರೆ ಜೋಳ, ಕಬ್ಬಿನ ಹಾಗೆ ಬಿಸಿಲು ಸೆಕೆಯಲ್ಲಿ ದ್ಯುತಿಸಂಶ್ಲೇಷಣೆ ಚುರುಕಾಗಿ ಮಾಡೋ ವ್ಯವಸ್ಥೆ. ಆದ್ರೆ ನಿಮ್ಮ ಗದ್ದೆಯಲ್ಲಿ ಪಕ್ಕದಲ್ಲೇ ಇರೋ ಡಿಫಾರ್ಮಿಸ್ ಭತ್ತದ ಹಾಗೆ ಹಳೇ ಸಿ-3. ಒಂದೇ ಕುಲ, ಒಂದೇ ಕೆಸರು, ಎರಡು ಥರದ ಎಲೆ. ಕಾಲೇಜಲ್ಲಿ ಮೈಕ್ರೋಸ್ಕೋಪ್ ಇರೋ ಲಾಸ್ಟ್‌ಬೆಂಚ್ ಅವರು ಎರಡರ ಎಲೆಯನ್ನೂ ಬ್ಲೇಡಲ್ಲಿ ತೆಳ್ಳಗೆ ಅಡ್ಡ ಕೊಯ್ದು ನೋಡಿ, ಐರಿಯಾದಲ್ಲಿ ನಾಳಗಳ ಸುತ್ತ ದಟ್ಟ ಹಸಿರು ಉಂಗುರ ಕಾಣತ್ತೆ, ಡಿಫಾರ್ಮಿಸ್‌ನಲ್ಲಿ ಹಸಿರು ಎಲ್ಲ ಕಡೆ ಹರಡಿರತ್ತೆ. ಸೈಪರಸ್ ಅಲ್ಲದೆ ಫಿಂಬ್ರಿಸ್ಟೈಲಿಸ್ ಗುಂಪಲ್ಲಿ, ರಿಂಕೋಸ್ಪೋರಾ ಅನ್ನೋ ಜೇಕಿನ ಕುಲದಲ್ಲಿ, ಎಲಿಯೋಕಾರಿಸ್‌ನಲ್ಲಿ ಕೂಡ ಸಿ-4 ಬೇರೆ ಬೇರೆಯಾಗಿ ಹುಟ್ಟಿದೆ. ಸಿ-4 ಅಂದ್ರೆ ಒಣ ಜಾಗದ ಗಿಡ ಅಂತ ನಾವು ಅಂದ್ಕೊಳ್ತೀವಿ, ಜೇಕುಗಳಲ್ಲಿ ನೀರಲ್ಲಿ ನಿಂತಿರೋವೂ ಸಿ-4, ಈಜಿಪ್ಟಿನ ಪಪೈರಸ್ ಕೂಡ. ಸಾರಜನಕ ಕಡಿಮೆ ಇರೋ ಕೆಸರಲ್ಲಿ ಇರೋದ್ರಲ್ಲೇ ಜೀವನ ಮಾಡೋಕೆ ಅದು ಅನುಕೂಲ ಅನ್ನೋ ವಿವರಣೆ ಇದೆ.

ಕ್ರೋಮೋಸೋಮಿನ ವಿಷಯವೂ ವಿಚಿತ್ರ. ಸಾಮಾನ್ಯ ಗಿಡಗಳಲ್ಲಿ ಕ್ರೋಮೋಸೋಮ್ ತುಂಡಾದ್ರೆ ಸೆಂಟ್ರೋಮಿಯರ್ (ಕೋಶ ಒಡೆಯುವಾಗ ಕ್ರೋಮೋಸೋಮನ್ನ ಹಿಡಿದೆಳೆಯೋ ಜಾಗ) ಇಲ್ಲದ ತುಂಡು ಕಳೆದುಹೋಗತ್ತೆ. ಇವುಗಳಲ್ಲಿ ಅದು ಉದ್ದಕ್ಕೂ ಹರಡಿರೋದ್ರಿಂದ ತುಂಡೂ ಬದುಕತ್ತೆ, ಎರಡು ತುಂಡು ಅಂಟಿಕೊಂಡ್ರೂ ನಡೆಯತ್ತೆ. ಅದಕ್ಕೇ ರಿಂಕೋಸ್ಪೋರಾ ಟೆನುಯಿಸ್‌ನಲ್ಲಿ ಬರೀ 4 ಕ್ರೋಮೋಸೋಮ್, ನಮ್ಮ ಕೊನ್ನಾರಿಯಲ್ಲಿ 108 ಅಂತ ಎಣಿಸಿದ್ದಾರೆ. ಇಷ್ಟು ಪ್ರಭೇದ ಆಗೋಕೆ ಇದೂ ಒಂದು ಕಾರಣ ಇರಬಹುದು ಅಂತ ಚರ್ಚೆ ನಡೀತಾ ಇದೆ.

ಮಿಸರಿ ಜೇನಿನ ವಿಷಯ ದಯವಿಟ್ಟು ಬರೆದಿಡಿ, ತಾರೀಖು ಹೊತ್ತು ಸಮೇತ, ಸಾಧ್ಯ ಆದ್ರೆ ವಿಡಿಯೋನೂ ಮಾಡಿ. ಬಹುಪಾಲು ಜೇಕು ಗಾಳಿಯದ್ದೇ, ಆದ್ರೆ ತೆನೆ ಸುತ್ತ ಬಿಳಿ ಬಣ್ಣ ಇರೋ ಕೆಲವು ಕವಲುಗಳು ಕೀಟಗಳ ಕಡೆ ವಾಪಸ್ ತಿರುಗಿವೆ, ಅಮೆರಿಕದ ಕೆಲವು ರಿಂಕೋಸ್ಪೋರಾ ಇದಕ್ಕೆ ಹೆಸರುವಾಸಿ. ಜೇನು ಬಂದು ಪರಾಗ ತಗೊಂಡು ಹೋಗೋದು ಬೇರೆ, ಪರಾಗಸ್ಪರ್ಶ ಮಾಡೋದು ಬೇರೆ, ಅದನ್ನ ಕೆಲವು ತಲೆಗಳಿಗೆ ಜೇನು ಬರದ ಹಾಗೆ ಬಲೆ ಕಟ್ಟಿ, ಕಟ್ಟದವುಗಳ ಜೊತೆ ಹೋಲಿಸಿ ನೋಡಬೇಕು.

---

ಪಾದೆಕಲ್ಲು:

ಉಡುಪಿ ಕಡೆಯಿಂದ. ಎಲ್ಲ ಓದಿದೆ, ಲಾಯ್ಕ ಉಂಟು. ಒಂದು ಮಾತು ಸೇರಿಸ್ತೇನೆ. ಎಲ್ಲರೂ ಗದ್ದೆ, ಕೆರೆ ಹೇಳಿದ್ರು, ಮುರಕಲ್ಲು ಪಾದೆಯನ್ನು (ಲ್ಯಾಟರೈಟ್ ಹಾಸುಬಂಡೆ) ಯಾರೂ ಹೇಳ್ಲಿಲ್ಲ. ಬೇಸಿಗೆಯಲ್ಲಿ ಹೋದ್ರೆ ಕಾಲು ಸುಡುವ ಬರೀ ಕಲ್ಲು, ಸರಕಾರಿ ಕಾಗದದಲ್ಲಿ ಬಂಜರು ಅಂತ ಇರ್ತದೆ. ಜೂನಲ್ಲಿ ಎರಡು ಮಳೆ ಬೀಳ್ಲಿ, ಅಂಗೈಯಷ್ಟು ಮಣ್ಣು ಇರುವ ಗುಂಡಿಯಲ್ಲಿ ಮೊದಲು ಏಳುದೇ ಈ ಫಿಂಬ್ರಿಸ್ಟೈಲಿಸ್, ರಿಂಕೋಸ್ಪೋರಾ ವೈಟಿಯಾನಾ, ಸೈಪರಸ್‌ನ ಕುಳ್ಳ ಕುಳ್ಳ ಜಾತಿಗಳು. ಇವು ಮಣ್ಣನ್ನು ಹಿಡಿದಿಟ್ಟ ಮೇಲೆ ಆಗಸ್ಟ್ ಹೊತ್ತಿಗೆ ಎರಿಯೋಕಾಲನ್ ಬಿಳಿ ಗುಂಡಿ, ನೀಲಿ ಯುಟ್ರಿಕ್ಯುಲೇರಿಯಾ ಎಲ್ಲ ಬರ್ತದೆ, ಆಗ ಕ್ಯಾಮರಾ ಹಿಡ್ಕೊಂಡವರು ಬರ್ತಾರೆ, ಜೇಕನ್ನು ಮೆಟ್ಟಿಕೊಂಡು ನಿಂತು ಹೂವಿನ ಫೋಟೋ ತೆಗೀತಾರೆ. ಅಕ್ಟೋಬರ್‌ನಲ್ಲಿ ಎಲ್ಲ ಒಣಗಿ ಮತ್ತೆ ಕಲ್ಲು. ಆ ಪಾದೆಯಲ್ಲಿ ಕಲ್ಲು ಕೋರೆ ಶುರುವಾದ್ರೆ ಎಂತ ಹೋಯ್ತು ಅಂತ ಹೇಳ್ಲಿಕ್ಕೆ ಪಟ್ಟಿಯೇ ಇಲ್ಲ ಮಾರಾಯ್ರೆ, ಬಂಜರು ಅಂತ ಬರ್ದದ್ದು ಮಾತ್ರ ಉಂಟು.

ಪುಸ್ತಕ ಬೇಕಾದ್ರೆ, ನಮ್ಮ ಕಡೆಗೆ ಗೋಪಾಲಕೃಷ್ಣ ಭಟ್ಟರು 2003ರಲ್ಲಿ ತಂದ ಉಡುಪಿಯ ಫ್ಲೋರಾ ಉಂಟು, ಕಾಲೇಜು ಮೇಷ್ಟ್ರು ಆಗಿದ್ದುಕೊಂಡೇ ಜಿಲ್ಲೆ ಪೂರ್ತಿ ತಿರುಗಿದವರು. ನಿಮ್ಮ ಮಲೆನಾಡಿಗೆ ಹತ್ತಿರದ್ದು ಸಲ್ಡಾನಾ ಮತ್ತು ನಿಕಲ್ಸನ್ 1976ರಲ್ಲಿ ಮಾಡಿದ ಹಾಸನ ಜಿಲ್ಲೆಯದ್ದು. ಸಲ್ಡಾನಾ ಆಮೇಲೆ ಇಡೀ ಕರ್ನಾಟಕದ್ದಕ್ಕೆ ಕೈ ಹಾಕಿದ್ರು, 1984 ಮತ್ತು 1996ರಲ್ಲಿ ಎರಡು ಸಂಪುಟ ಬಂತು, ಏಕದಳದವರೆಗೆ ಅದು ಬರ್ಲೇ ಇಲ್ಲ. ಜೇಕಿಗೆ ಮಾತ್ರ ಅಂತ ಇರುದು ಪ್ರಸಾದ್ ಮತ್ತು ಸಿಂಗ್ ಅವರ 2002ರ ಪುಸ್ತಕ, ಕರ್ನಾಟಕದ್ದೇ, ಆದ್ರೆ ಅದರಲ್ಲಿ ಹಳೇ ಕುಲದ ಹೆಸರುಗಳೇ. ಅದು ಒಂದು ರೀತಿ ಒಳ್ಳೇದೇ, ಗುರುತಿಸ್ಲಿಕ್ಕೆ ಹಳೇ ಕುಲ ಸುಲಭ, ಗುರುತು ಸಿಕ್ಕಿದ ಮೇಲೆ ಹೊಸ ಹೆಸರು ಆನ್‌ಲೈನಲ್ಲಿ ನೋಡಿಕೊಂಡ್ರಾಯ್ತು.

ಪಂಚಾಯ್ತಿ ಪುಸ್ತಕದಲ್ಲಿ ವೈಜ್ಞಾನಿಕ ಹೆಸರಿನ ಕಾಲಂ ಖಾಲಿ ಬಿಟ್ರೂ ಅಡ್ಡಿ ಇಲ್ಲ ಅಂತ ನನ್ನ ಅಭಿಪ್ರಾಯ. ತಪ್ಪು ಹೆಸರು ಬರ್ದರೆ ಅದನ್ನೇ ಇನ್ನೊಬ್ಬ ಕಾಪಿ ಮಾಡ್ತಾನೆ, ನಾಲ್ಕು ಪಂಚಾಯ್ತಿಯಲ್ಲಿ ಅದೇ ಬರ್ತದೆ.

---

ಒಣಎಲೆ:

@ಪಾದೆಕಲ್ಲು ಖಾಲಿ ಬಿಡೋದಕ್ಕಿಂತ "ಸೈಪರಸ್, ಪ್ರಭೇದ ಗೊತ್ತಿಲ್ಲ" ಅಂತ ಬರೆದು ಪಕ್ಕದಲ್ಲಿ ಒಣಗಿಸಿಟ್ಟ ಮಾದರಿಯ ನಂಬರ್ ಹಾಕೋದು ಮೇಲು. ಆ ನಂಬರ್ ಇದ್ರೆ ನಾಳೆ ಹೆಸರು ಏನೇ ಆಗಲಿ ಗಿಡ ತೆಗೆದು ನೋಡಬಹುದು. ಬ್ರೆವಿಫೋಲಿಯಾ ನೋಡಿ, ರಾಟ್‌ಬೋಲ್ ಕಾಲದಲ್ಲಿ ಕಿಲಿಂಗಾ ಬ್ರೆವಿಫೋಲಿಯಾ, ಈಗ ಸೈಪರಸ್ ಬ್ರೆವಿಫೋಲಿಯಸ್, ಗಿಡ ಅದೇ.

@ಬ್ಯಾಣದಂಚು ನಿಮ್ಮದಕ್ಕೆ ಸದ್ಯಕ್ಕೆ "ಕಿಲಿಂಗಾ ನೆಮೊರಾಲಿಸ್, ಈಗ ಸೈಪರಸ್ ಕುಲದಲ್ಲಿ" ಅಂತ ಬರೀರಿ, ಯಾರೂ ತಪ್ಪು ಅನ್ನಲ್ಲ. ಸೈಪರಸ್ ಒಳಗೆ ಹೋದಾಗ ಅದಕ್ಕೆ ಎರಡನೇ ಹೆಸರೂ ಬದಲಾಗಿದೆ, ಅದನ್ನ ದಾಖಲಾತಿಗೆ ತುರುಕಿ ಊರವರನ್ನ ಗಾಬರಿ ಮಾಡೋದು ಬೇಡ. ಮಾದರಿಯ ಒಂದು ಪ್ರತಿ ನೀವಿಟ್ಕೊಳ್ಳಿ, ಇನ್ನೊಂದನ್ನ ಬೆಂಗಳೂರಿಗೆ ಬಂದಾಗ ಐಐಎಸ್ಸಿಯ ಪರಿಸರ ವಿಜ್ಞಾನ ಕೇಂದ್ರದ ಹರ್ಬೇರಿಯಂಗೆ ತೋರಿಸಬಹುದು, ಮೊದಲೇ ಇಮೇಲ್ ಮಾಡಿ ಹೋಗಿ. ಹಾಸನ ಫ್ಲೋರಾ ಕೆಲಸದ ಗಿಡಗಳು ಅಲ್ಲೇ ಇವೆ, ಪಕ್ಕಪಕ್ಕ ಇಟ್ಟು ನೋಡಬಹುದು. ಫೋಟೋಗಳನ್ನ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದ್ರೆ ಅಲ್ಲೂ ನೋಡಿ ಹೇಳೋರಿದ್ದಾರೆ, ಆದ್ರೆ ಒಂದೇ ಫೋಟೋ ಹಾಕಿ ಕಾಯಬೇಡಿ, ಇಡೀ ಗಿಡ, ತೊಳೆದ ಬೇರು, ತೆನೆ ಹತ್ತಿರದಿಂದ, ಬೀಜ ಸ್ಕೇಲ್ ಪಕ್ಕ ಇಟ್ಟು, ಇಷ್ಟಾದ್ರೂ ಬೇಕು.

---

ಬ್ಯಾಣದಂಚು:

ಆಯ್ತು ಮೇಡಂ, ಹಾಗೇ ಮಾಡ್ತೀನಿ. ಸಮಿತಿ ಮೀಟಿಂಗಲ್ಲಿ ಹೇಳಿದೆ, ಹುಲ್ಲಿನ ಪಟ್ಟಿಯಿಂದ ಜೇಕು ಬೇರೆ ಮಾಡಿ ಒಂದು ಪುಟ ಕೊಡೋಕೆ ಒಪ್ಪಿದ್ದಾರೆ, ಗಡ್ಡೆ ಇದೆಯಾ ಇಲ್ವಾ ಅನ್ನೋ ಕಾಲಂ ಸೇರಿಸೋಣ ಅಂದಾಗ ರೈತರೆಲ್ಲ ಖುಷಿಯಾದ್ರು, ಧಾರವಾಡದ ಅಣ್ಣನ ಪುಣ್ಯ. ಬ್ಯಾಣದಂಚಿನ ಸ್ಕ್ಲೀರಿಯಾ ಬೀಜ ಈಗ ಬಲಿತಿದೆ, ಕೆಳಗಡೆ ಒಂದು ಪುಟ್ಟ ಬಟ್ಟಲಿನಂಥದ್ದು ಅಂಟಿಕೊಂಡಿದೆ, ಅದನ್ನೂ ಸೇರಿಸಿ ಫೋಟೋ ತೆಗೀಬೇಕಾ, ಬಿಡಿಸಿ ತೆಗೀಬೇಕಾ?

---

ಒಣಎಲೆ:

ಎರಡೂ ತೆಗೀರಿ, ಬಿಡಿಸಬೇಡಿ ಮೊದಲು. ಆ ಬಟ್ಟಲಿನ ಅಂಚು ಮೂರು ಹಾಲೆ ಆಗಿದೆಯಾ, ಹಾಲೆ ತುದಿ ಚೂಪಾ ದುಂಡಗಾ, ಬೀಜದ ಮೇಲ್ಮೈ ನುಣುಪಾ ಅಥವಾ ಜಾಲರಿ ಥರ ಗೆರೆ ಇದೆಯಾ, ಸ್ಕ್ಲೀರಿಯಾದಲ್ಲಿ ನಿರ್ಧಾರ ಆಗೋದೇ ಅದರ ಮೇಲೆ. ಕೈಗೆ ಗ್ಲೌಸ್ ಹಾಕ್ಕೊಳ್ಳಿ.